ಬೀಳುವ ನೀರಿನ ಗೋಡೆ: ಸಾರಗೋಸಾದ ಡಿಜಿಟಲ್ ವಾಟರ್ ಪೆವಿಲಿಯನ್, ಒಂದು ಪ್ರಕರಣ ಅಧ್ಯಯನ

ನದಿಯನ್ನು ವಿಷಯವಾಗಿ ಕೊಟ್ಟು ಪ್ರದರ್ಶನ ಮಂಟಪವೊಂದನ್ನು ವಿನ್ಯಾಸಗೊಳಿಸಲು ಹೇಳಿದರೆ, ವಾಸ್ತುಶಿಲ್ಪ ವಿದ್ಯಾರ್ಥಿಗಳ ಮೊದಲ ಹಾಳೆಯಲ್ಲಿ ಸಾಮಾನ್ಯವಾಗಿ ಮೂಡುವುದು ಅಲೆಯಂತೆ ಬಳುಕುವ ಒಂದು ಚಾವಣಿ. ಎರಡನೆಯ ಹಾಳೆಯಲ್ಲಿ ಆ ಚಾವಣಿಗೆ ನೀಲಿ ಬಣ್ಣ ಬರುತ್ತದೆ. ಕೆಲಸವನ್ನು ತೀರ್ಪುಗಾರರ ಮುಂದಿಡುವ ಜ್ಯೂರಿಯ ದಿನ, ಬಳುಕಿದ ಈ ಚಾವಣಿಗೂ ನದಿಗೂ ಆಕಾರದ ಹೋಲಿಕೆಯನ್ನು ಬಿಟ್ಟು ಬೇರೆ ಯಾವ ಸಂಬಂಧವಿದೆ ಎಂದು ಯಾರಾದರೂ ಕೇಳಿದರೆ, ಮಾದರಿಯ ಮುಂದೆ ನಿಂತವರಿಗೆ ಉತ್ತರ ಹೊಳೆಯುವುದಿಲ್ಲ. ತರಗತಿಯಲ್ಲಿ ಹುಟ್ಟಿದ ಆಲೋಚನೆಯೊಂದು ಈ ಅಭ್ಯಾಸದಿಂದ ಹೊರಬಂದು, ನದಿಯ ದಡದಲ್ಲಿಯೇ ನಿಜವಾದ ಕಟ್ಟಡವಾಗಿ ನಿಂತ ಪ್ರಕರಣವೊಂದು ಸ್ಪೇನಿನ ಸಾರಗೋಸಾ ನಗರದಲ್ಲಿದೆ. 2008ರ ಅಂತರರಾಷ್ಟ್ರೀಯ ಪ್ರದರ್ಶನ ಮೇಳವಾದ ಎಕ್ಸ್‌ಪೊಗಾಗಿ ಅಲ್ಲಿ ನಿರ್ಮಾಣವಾದ ಡಿಜಿಟಲ್ ವಾಟರ್ ಪೆವಿಲಿಯನ್ ನದಿಯ ಆಕಾರವನ್ನು ಅನುಕರಿಸುವ ಗೊಡವೆಗೇ ಹೋಗದೆ, ನೀರನ್ನೇ ಗೋಡೆ ಕಟ್ಟುವ ಸಾಮಗ್ರಿಯಾಗಿ ಬಳಸಿಕೊಂಡಿತು. ಅದು ಎಷ್ಟರ ಮಟ್ಟಿಗೆ ಗೆದ್ದಿತು, ಯಾವ ಹಂತದಲ್ಲಿ ನದಿಯನ್ನು ಬಿಟ್ಟು ಕಾರಂಜಿಯ ಕಡೆಗೆ ಹೊರಳಿತು ಎಂಬುದನ್ನು ಪರಿಶೀಲಿಸುವುದು ಈ ಅಧ್ಯಯನದ ಉದ್ದೇಶ.

ನದಿ, ನಗರ ಮತ್ತು ಎಕ್ಸ್‌ಪೊ

ಎಬ್ರೊ ನದಿ ಉತ್ತರ ಸ್ಪೇನಿನ ಕಾಂಟಾಬ್ರಿಯಾದಲ್ಲಿ ಹುಟ್ಟಿ, ಸುಮಾರು 930 ಕಿಲೊಮೀಟರ್ ಹರಿದು, ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ. ಅದರ ಮಧ್ಯದ ಹರಿವಿನಲ್ಲಿರುವ ಸಾರಗೋಸಾ ರೋಮನ್ನರು ನೆಲೆಗೊಳಿಸಿದ ಊರು. ಅರಬ್ಬರ ಆಳ್ವಿಕೆಯಲ್ಲಿ ಅಲ್ಲಿ ಒಡ್ಡು-ಕಾಲುವೆಗಳ ನೀರಾವರಿ ಬೆಳೆಯಿತು. ಆ ಕಾಲದ ಅರಮನೆಯಾದ ಅಲ್ಹಾಫೆರಿಯಾ ಇಂದಿಗೂ ನಗರದಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಅರಾಗೊನಿನ ಇಂಪೀರಿಯಲ್ ಕಾಲುವೆ ಎಬ್ರೊದ ನೀರನ್ನು ನಗರಕ್ಕೆ ತಂದಿತು. ಇಷ್ಟೆಲ್ಲ ನೀರಿನ ವ್ಯವಸ್ಥೆ ಬೇಕಾದುದಕ್ಕೆ ಕಾರಣ ಸರಳವಾದುದು: ಅಲ್ಲಿ ವರ್ಷಕ್ಕೆ ಬೀಳುವ ಮಳೆ 350 ಮಿಲಿಮೀಟರಿಗಿಂತ ಕಡಿಮೆ. ನಮ್ಮ ಬಯಲುಸೀಮೆಯ ಅತಿ ಒಣ ತಾಲ್ಲೂಕುಗಳಲ್ಲಿಯೂ ಸಾಮಾನ್ಯ ವರ್ಷದಲ್ಲಿ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಹಾಗೆಂದು ನದಿ ಸದಾ ಸೊರಗಿಯೇ ಇರುತ್ತದೆ ಎನ್ನುವಂತಿಲ್ಲ. 1961ರ ಜನವರಿಯಲ್ಲಿ ಬಂದ ನೆರೆಯಲ್ಲಿ ಎಬ್ರೊ ಸಾರಗೋಸಾದ ಬಳಿ ಸೆಕೆಂಡಿಗೆ ನಾಲ್ಕು ಸಾವಿರ ಘನ ಮೀಟರಿಗೂ ಮಿಕ್ಕಿ ಹರಿದಿತ್ತು.

ಎಕ್ಸ್‌ಪೊದ ಹಿನ್ನೆಲೆಯಲ್ಲಿ ನೀರಿನ ರಾಜಕಾರಣವೂ ಇತ್ತು. 2001ರಲ್ಲಿ ಸ್ಪೇನ್ ಸರ್ಕಾರವು ಎಬ್ರೊದ ನೀರನ್ನು ಮೆಡಿಟರೇನಿಯನ್ ಕರಾವಳಿಯ ಒಣ ಪ್ರದೇಶಗಳಿಗೆ ತಿರುಗಿಸುವ ರಾಷ್ಟ್ರೀಯ ಜಲ ಯೋಜನೆಗೆ ಒಪ್ಪಿಗೆ ಕೊಟ್ಟಾಗ, ಸಾರಗೋಸಾ ರಾಜಧಾನಿಯಾಗಿರುವ ಅರಾಗೊನ್ ಪ್ರಾಂತ್ಯದಲ್ಲಿ ಭಾರೀ ಪ್ರತಿಭಟನೆ ನಡೆಯಿತು. 2004ರಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರ ನೀರು ತಿರುಗಿಸುವ ಆ ಯೋಜನೆಯನ್ನು ಕೈಬಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಟಲಿಯ ಟ್ರಿಯೆಸ್ಟೆ ಮತ್ತು ಗ್ರೀಸಿನ ಥೆಸ್ಸಲೋನಿಕಿ ನಗರಗಳನ್ನು ಹಿಂದಿಕ್ಕಿ ಸಾರಗೋಸಾ ಎಕ್ಸ್‌ಪೊದ ಆತಿಥ್ಯವನ್ನು ಗಳಿಸಿತು. ‘ನೀರು ಮತ್ತು ಸುಸ್ಥಿರ ಅಭಿವೃದ್ಧಿ’ ಎಂಬುದು ಅದರ ವಿಷಯವಾಗಿತ್ತು. ಕಾವೇರಿ, ಕೃಷ್ಣಾ, ಮಹದಾಯಿಗಳ ವಿಚಾರಣೆಗಳನ್ನು ಓದುತ್ತಲೇ ಬೆಳೆದ ನಮಗೆ, ಅಂಥ ಊರಿನಲ್ಲಿ ನದಿಯ ಬಗ್ಗೆ ಕಟ್ಟಡ ಕಟ್ಟುವುದು ಬರಿಯ ಅಲಂಕಾರದ ಮಾತಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಕ್ಸ್‌ಪೊಗೆ ಆರಿಸಿದ ಜಾಗವೂ ನದಿಯದೇ: ನಗರದ ಅಂಚಿನಲ್ಲಿ ಎಬ್ರೊ ದೊಡ್ಡದಾಗಿ ಬಾಗಿ ಹರಿಯುವ ರನಿಯಾಸ್ ಎಂಬ ತಿರುವು.

ತರಗತಿಯಲ್ಲಿ ಹುಟ್ಟಿದ್ದು

ಎಕ್ಸ್‌ಪೊದ ಸಿದ್ಧತೆಯ ಜೊತೆಜೊತೆಗೆ ನಗರಸಭೆಯು ಹಳೆಯ ರೈಲ್ವೆ ಜಮೀನನ್ನು ಹೊಸ ಬಡಾವಣೆಯಾಗಿ ಬೆಳೆಸುವ ಯೋಜನೆಯೊಂದನ್ನು ಕೈಗೆತ್ತಿಕೊಂಡಿತ್ತು. ವೇಗದ ರೈಲಿಗಾಗಿ ದೆಲಿಸಿಯಾಸ್‌ನಲ್ಲಿ ಹೊಸ ನಿಲ್ದಾಣ ಆರಂಭವಾದ ಮೇಲೆ ತೆರವಾದ ಈ ಪಟ್ಟಿಗೆ ‘ಡಿಜಿಟಲ್ ಮೈಲಿ’ ಎಂಬ ಅರ್ಥದ ಹೆಸರಿಟ್ಟು, ಅದರ ಸಾರ್ವಜನಿಕ ಸ್ಥಳಗಳು ಹೇಗಿರಬೇಕೆಂದು ಯೋಚಿಸಲು ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಎಂಐಟಿಯನ್ನು ಆಹ್ವಾನಿಸಲಾಯಿತು. ಅಲ್ಲಿನ ಪ್ರಾಧ್ಯಾಪಕರಾದ ವಿಲಿಯಂ ಜೆ. ಮಿಚೆಲ್ ಮತ್ತು ಡೆನಿಸ್ ಫ್ರೆಂಚ್‌ಮನ್ ಅವರ ಮಾರ್ಗದರ್ಶನದಲ್ಲಿ ವಾಸ್ತುಶಿಲ್ಪ, ನಗರ ಯೋಜನೆ ಮತ್ತು ಮಾಧ್ಯಮ ತಂತ್ರಜ್ಞಾನದ ವಿದ್ಯಾರ್ಥಿಗಳು ಈ ಜಾಗವನ್ನು ತಮ್ಮ ಅಧ್ಯಯನದ ವಸ್ತುವಾಗಿ ತೆಗೆದುಕೊಂಡರು.

ಅವರ ಮುಂದಿದ್ದ ಕೆಲಸದಲ್ಲಿ ಮಂಟಪದ ಪ್ರಸ್ತಾಪವೇ ಇರಲಿಲ್ಲ ಎಂಬುದು ಈ ಪ್ರಕರಣದ ಮುಖ್ಯ ಸಂಗತಿ. ಬೀದಿ, ಚೌಕ, ಬಸ್ ತಂಗುದಾಣಗಳಂಥ ಸಾರ್ವಜನಿಕ ಸ್ಥಳದಲ್ಲಿ ಡಿಜಿಟಲ್ ತಂತ್ರಜ್ಞಾನ ಏನು ಮಾಡಬಲ್ಲದು ಎಂಬುದಷ್ಟೇ ಅವರಿಗೆ ಬಂದ ಪ್ರಶ್ನೆ. ಆ ದಿನಗಳಲ್ಲಿ ಇದಕ್ಕೆ ಸಿದ್ಧವಾಗಿದ್ದ ಉತ್ತರವೆಂದರೆ ದೊಡ್ಡ ಎಲ್‌ಇಡಿ ಪರದೆ. ಈ ಗುಂಪು ಪರದೆಯನ್ನು ಬಿಟ್ಟು ಊರಿನಲ್ಲಿ ಮೊದಲೇ ಇದ್ದುದರ ಕಡೆಗೆ, ಅಂದರೆ ನದಿ, ಕಾಲುವೆ, ಅರಮನೆಯ ಅಂಗಳದ ಕೊಳಗಳ ಕಡೆಗೆ ತಿರುಗಿತು. ಬಿಸಿಲಿನ ಊರಿನಲ್ಲಿ ನೀರು ತಂಪಿಗೂ ಬೇಕು, ನೋಟಕ್ಕೂ ಬೇಕು. ಹಾಗಿದ್ದ ಮೇಲೆ ಮಾಹಿತಿ ತೋರಿಸುವ ಪರದೆಯೂ ನೀರಿನದೇ ಯಾಕಾಗಬಾರದು ಎಂಬ ಎಳೆ ಹಿಡಿದು, ಕಂಪ್ಯೂಟರ್ ಹೇಳಿದಂತೆ ಹನಿಗಳನ್ನು ಬೀಳಿಸುವ ನೀರಿನ ಗೋಡೆಯ ಕಲ್ಪನೆ ರೂಪುಗೊಂಡಿತು. ಎಂಐಟಿಯ ಸೆನ್ಸಬಲ್ ಸಿಟಿ ಪ್ರಯೋಗಾಲಯದ ನಿರ್ದೇಶಕರಾದ ಕಾರ್ಲೊ ರಾಟ್ಟಿ, ಇಟಲಿಯ ಟ್ಯೂರಿನ್‌ನಲ್ಲಿರುವ ತಮ್ಮ ವಾಸ್ತುಶಿಲ್ಪ ಕಚೇರಿಯ ಮೂಲಕ ಅದನ್ನು ಕಟ್ಟಡವಾಗಿ ಬೆಳೆಸಿದರು. ಎಂಜಿನಿಯರಿಂಗ್ ಹೊಣೆ ಆರಪ್ ಸಂಸ್ಥೆಯದು. 2007ರಲ್ಲಿ, ಕಟ್ಟಡ ಇನ್ನೂ ಮುಗಿಯದಿರುವಾಗಲೇ, ಟೈಮ್ ಪತ್ರಿಕೆ ಇದನ್ನು ಆ ವರ್ಷದ ಉತ್ತಮ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು.

ಮಂಟಪದ ಜೊತೆ ಈಗ ಸಾಮಾನ್ಯವಾಗಿ ಕೇಳಿಬರುವುದು ರಾಟ್ಟಿಯವರ ಹೆಸರು. ವಿನ್ಯಾಸ ತರಗತಿಯಾದ ಸ್ಟುಡಿಯೊದ ಗೋಡೆಗೆ ಅಂಟಿಸಿದ ರೇಖಾಚಿತ್ರ ಪರವಾನಗಿ, ಟೆಂಡರು, ಪೈಪಿನ ವ್ಯಾಸಗಳ ಮಟ್ಟಕ್ಕೆ ಇಳಿಯುವಾಗ ಅದನ್ನು ಹೊತ್ತವರ ಹೆಸರೇ ಉಳಿಯುವುದು ಈ ವೃತ್ತಿಯಲ್ಲಿ ಹೊಸದಲ್ಲ. ಆದರೂ ಇದನ್ನು ವಿದ್ಯಾರ್ಥಿಗಳಿಗೆ ಉದಾಹರಣೆಯಾಗಿ ತೋರಿಸುವವರು ಕಲ್ಪನೆ ಒಂದು ತರಗತಿಯ ಚರ್ಚೆಯಿಂದ ಬಂದದ್ದೆಂಬುದನ್ನು ಸೇರಿಸಿಯೇ ಹೇಳಬೇಕು.

ಗೋಡೆ ಕೆಲಸ ಮಾಡುವ ಬಗೆ

ಮಂಟಪದ ಭಾಗಗಳು ಹೆಚ್ಚಿಲ್ಲ. ತೆಳುವಾದ ನೀರಿನ ಪದರ ಹೊತ್ತ ಒಂದು ಚಪ್ಪಟೆ ಚಾವಣಿ. ಅದನ್ನು ಹಿಡಿದಿರುವ, ಮೇಲೆ ಕೆಳಗೆ ಚಲಿಸಬಲ್ಲ ಹನ್ನೆರಡು ಸ್ಟೇನ್‌ಲೆಸ್ ಸ್ಟೀಲ್ ಹೈಡ್ರಾಲಿಕ್ ಪಿಸ್ಟನ್‌ಗಳು. ಚಾವಣಿಯ ಅಂಚಿನಿಂದ ಬೀಳುವ, ಒಟ್ಟು ಸುಮಾರು 120 ಮೀಟರ್ ಉದ್ದದ ನೀರಿನ ಗೋಡೆಗಳು. ಗೋಡೆಯ ಮೇಲಂಚಿನ ಪೈಪಿನಲ್ಲಿ ಒತ್ತೊತ್ತಾಗಿ ಸಾಲುಗಟ್ಟಿದ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳು ಒಟ್ಟು ಮೂರು ಸಾವಿರದಷ್ಟು. ಉದ್ದವನ್ನು ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ನಾಲ್ಕು ಸೆಂಟಿಮೀಟರಿಗೊಂದು ವಾಲ್ವ್ ಬರುತ್ತದೆ. ಪ್ರತಿ ವಾಲ್ವ್ ಒಂದೋ ತೆರೆದಿರುತ್ತದೆ, ಇಲ್ಲವೇ ಮುಚ್ಚಿರುತ್ತದೆ, ನಡುವಣ ಸ್ಥಿತಿಯಿಲ್ಲ. ತೆರೆದಲ್ಲಿ ನೀರು, ಮುಚ್ಚಿದಲ್ಲಿ ಗಾಳಿ. ಈ ಎರಡರ ಸರದಿಯನ್ನು ಕಂಪ್ಯೂಟರ್ ವೇಗವಾಗಿ ಬದಲಿಸಿದಾಗ ಅಕ್ಷರ, ವಿನ್ಯಾಸ, ತೆರಪುಗಳು ನೀರಿನಲ್ಲಿ ಮೂಡಿ ಕೆಳಗಿಳಿಯುತ್ತವೆ. ಇಂಕ್‌ಜೆಟ್ ಪ್ರಿಂಟರನ್ನು ದೊಡ್ಡ ಪ್ರಮಾಣದಲ್ಲಿ ಊಹಿಸಿಕೊಳ್ಳಿ ಎಂದು ರಾಟ್ಟಿ ಇದನ್ನು ವಿವರಿಸಿದ್ದರು.

ಪ್ರಿಂಟರಿಗೂ ಇದಕ್ಕೂ ಇರುವ ವ್ಯತ್ಯಾಸದಲ್ಲಿಯೇ ವಿನ್ಯಾಸದ ಕಷ್ಟ ಅಡಗಿದೆ. ಕಾಗದದ ಮೇಲೆ ಬಿದ್ದ ಶಾಯಿ ಬಿದ್ದಲ್ಲಿಯೇ ನಿಲ್ಲುತ್ತದೆ. ಇಲ್ಲಿ ಹನಿ ಬೀಳುತ್ತಲೇ ಇರುತ್ತದೆ, ಬೀಳುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ಮೂರು ಮೀಟರ್ ಎತ್ತರದಿಂದ ಬಿಟ್ಟ ಹನಿ ನೆಲ ಮುಟ್ಟಲು ಹೆಚ್ಚುಕಡಿಮೆ 0.78 ಸೆಕೆಂಡ್ ಬೇಕು. ಒಂದು ಹನಿಯ ಬೆನ್ನಿಗೆ 0.05 ಸೆಕೆಂಡ್ ಬಿಟ್ಟು ಇನ್ನೊಂದನ್ನು ಬಿಟ್ಟರೆ, ಮೊದಲ ಹನಿ ಮೂವತ್ತು ಸೆಂಟಿಮೀಟರ್ ಇಳಿದಾಗ ಎರಡರ ನಡುವಿನ ಅಂತರ ಹನ್ನೊಂದು ಸೆಂಟಿಮೀಟರ್ ಇರುತ್ತದೆ. ಅದೇ ಮೊದಲ ಹನಿ ನೆಲ ತಲುಪುವ ಹೊತ್ತಿಗೆ ಆ ಅಂತರ ಮೂವತ್ತೇಳು ಸೆಂಟಿಮೀಟರ್ ಆಗಿರುತ್ತದೆ. ಅಂದರೆ ಮೇಲೆ ದುಂಡಗೆ ಬಿಟ್ಟ ‘ಒ’ ಕೆಳಗೆ ಬರುವಷ್ಟರಲ್ಲಿ ಮೂರು ಪಟ್ಟು ಉದ್ದಕ್ಕೆ ಜಗ್ಗಿಹೋಗುತ್ತದೆ. ಓದುವವರ ಕಣ್ಣಿನ ಮಟ್ಟದಲ್ಲಿ ಅಕ್ಷರ ಸರಿಯಾಗಿ ಕಾಣಬೇಕಾದರೆ ಅದನ್ನು ಬಿಡುವಾಗಲೇ ಚಪ್ಪಟೆಯಾಗಿ ಬಿಡಬೇಕು. ಗುರುತ್ವಾಕರ್ಷಣೆಯ ಪಾಠ ಪಿಯುಸಿಯ ಪುಸ್ತಕದಿಂದ ಎದ್ದು ಬಂದು ಅಕ್ಷರ ವಿನ್ಯಾಸದೊಳಗೆ ಕುಳಿತ ಹಾಗಿದೆ ಇದು, ಮತ್ತು ಈ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೂ ಇದೇ.

ಬಾಗಿಲಿನ ಲೆಕ್ಕವೂ ಇಷ್ಟೇ ಕುತೂಹಲಕರ. ಮಂಟಪಕ್ಕೆ ಗಟ್ಟಿಯಾದ ಬಾಗಿಲುಗಳ ಅಗತ್ಯವಿಲ್ಲ. ಜನ ಹತ್ತಿರ ಬಂದರೆ ಸೆನ್ಸರ್ ಗುರುತಿಸಿ, ಅವರೆದುರಿನ ನೀರನ್ನು ನಿಲ್ಲಿಸುತ್ತದೆ. ಆದರೆ ವಾಲ್ವ್ ಮುಚ್ಚಿದ ಮಾತ್ರಕ್ಕೆ ದಾರಿ ತೆರೆಯುವುದಿಲ್ಲ, ಅದಾಗಲೇ ಗಾಳಿಯಲ್ಲಿರುವ ನೀರು ಬಿದ್ದು ಮುಗಿಯಬೇಕು. ಸಾಧಾರಣ ನಡಿಗೆಯಲ್ಲಿ ಒಬ್ಬ ವ್ಯಕ್ತಿ 0.78 ಸೆಕೆಂಡಿನಲ್ಲಿ ಒಂದು ಮೀಟರಿಗಿಂತ ತುಸು ಹೆಚ್ಚು ದೂರ ಸಾಗುತ್ತಾನೆ. ಆದ್ದರಿಂದ ಮೂರು ಮೀಟರ್ ಎತ್ತರದ ಗೋಡೆಯಾದರೆ ಸೆನ್ಸರ್ ಅವನನ್ನು ಒಂದೂಕಾಲು ಮೀಟರ್ ದೂರದಲ್ಲಾದರೂ ಕಂಡಿರಬೇಕು. ಓಡಿ ಬರುವ ಮಗುವಾದರೆ ಅದು ನೆನೆಯುವುದು ಖಚಿತ, ಅದಕ್ಕೇ ಅದು ಓಡಿ ಬರುತ್ತದೆ. ಎಂಬತ್ತು ಸೆಂಟಿಮೀಟರ್ ಅಗಲದ ದಾರಿಗೆ ಸುಮಾರು ಇಪ್ಪತ್ತು ವಾಲ್ವ್‌ಗಳು ಒಟ್ಟಿಗೆ ಮುಚ್ಚಬೇಕು. ಬಾಗಿಲು ಗೋಡೆಯಲ್ಲಿ ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ತೋರಿಸುವಂತಿಲ್ಲ. ಅದು ಜನ ನಿಂತಲ್ಲಿರುತ್ತದೆ. ವಾಸ್ತುಶಿಲ್ಪದ ಎರಡನೆಯ ವರ್ಷದಲ್ಲಿ ನಾವು ಕಲಿಸುವ, ಕಟ್ಟಡವನ್ನು ಮೇಲಿನಿಂದ ನೋಡಿದಂತೆ ಬಿಡಿಸುವ ‘ಪ್ಲಾನ್’ ಎಂಬ ಚಿತ್ರವನ್ನೇ ಇದು ಅರ್ಧಕ್ಕರ್ಧ ನಿರುಪಯೋಗಿಯಾಗಿಸುತ್ತದೆ. ಇಂಥ ಕಟ್ಟಡವನ್ನು ಬಿಡಿಸಲು ಸಮಯದ ಅಕ್ಷವೂ ಬೇಕು.

ತಂಪಿನ ಲಾಭ ಮಾತ್ರ ಊರಿನ ಹವೆಯನ್ನು ನಂಬಿಕೊಂಡಿದೆ. ಬೀಳುವ ನೀರಿನ ಒಂದಂಶ ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಪರಿಣಾಮ ಹೆಚ್ಚು. ಬೇಸಿಗೆಯಲ್ಲಿ 35 ಡಿಗ್ರಿ ದಾಟುವ, ಒಣ ಹವೆಯ ಸಾರಗೋಸಾದಲ್ಲಿ ಇದು ಸಲ್ಲುತ್ತದೆ, ಕಲಬುರಗಿಯ ಏಪ್ರಿಲಿನಲ್ಲಿಯೂ ಸಲ್ಲಬಹುದು. ಮೇ ತಿಂಗಳ ಮಂಗಳೂರಿನಲ್ಲಿ ಇದೇ ಗೋಡೆ ನಿಲ್ಲಿಸಿದರೆ ಸೆಕೆ ಇನ್ನಷ್ಟು ಹೆಚ್ಚೀತೇ ಹೊರತು ತಂಪಾಗದು.

ಗಾಳಿ ಬಂದಾಗ

ಎಬ್ರೊ ಕಣಿವೆಗೆ ತನ್ನದೇ ಆದ ಗಾಳಿಯೊಂದಿದೆ. ಸಿಯೆರ್ಸೊ ಎಂದು ಕರೆಯುವ ಈ ಒಣ ಗಾಳಿ ವಾಯವ್ಯದಿಂದ ಕಣಿವೆಯ ಉದ್ದಕ್ಕೂ ನುಗ್ಗುತ್ತದೆ. ಜೋರಾದ ದಿನಗಳಲ್ಲಿ ಗಂಟೆಗೆ ನೂರು ಕಿಲೊಮೀಟರ್ ವೇಗವನ್ನೂ ಮುಟ್ಟುತ್ತದೆ. ನೀರಿನ ಗೋಡೆಗೆ ಇದಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ಹನಿ ಗಾಳಿಯಲ್ಲಿದ್ದಷ್ಟು ಹೊತ್ತೂ ಪಕ್ಕಕ್ಕೆ ಸರಿಯುತ್ತಲೇ ಇರುವುದರಿಂದ, ಗೋಡೆ ಎತ್ತರವಾದಷ್ಟೂ ಅಕ್ಷರ ಚದುರುತ್ತದೆ, ಒಳಗಿರುವವರು ನೆನೆಯುತ್ತಾರೆ.

ವಿನ್ಯಾಸಕಾರರು ಇದಕ್ಕೆ ಕಂಡುಕೊಂಡ ಉಪಾಯ ಗಾಜಿನ ತಡೆಯಲ್ಲ, ಚಾವಣಿಯನ್ನೇ ಇಳಿಸುವುದು. ಗಾಳಿ ಹೆಚ್ಚಿದಂತೆ ಪಿಸ್ಟನ್‌ಗಳು ಚಾವಣಿಯನ್ನು ತಗ್ಗಿಸುತ್ತವೆ. ಹನಿ ಬೀಳುವ ದೂರ ಕಡಿಮೆಯಾಗುತ್ತದೆ. ಸರಿಯಲು ಸಿಗುವ ಸಮಯವೂ ಕಡಿಮೆಯಾಗುತ್ತದೆ. ಮಂಟಪವನ್ನು ಮುಚ್ಚಿದಾಗ ಚಾವಣಿ ಪೂರ್ತಿ ನೆಲಕ್ಕಿಳಿದು, ಮೇಲಿನ ನೀರಿನ ಪದರವಷ್ಟೇ ಉಳಿದು, ಕಟ್ಟಡವೇ ಇಲ್ಲದಂತಾಗುತ್ತದೆ. ಎತ್ತರವೆಂಬುದು ಇಲ್ಲಿ ನಕ್ಷೆಯಲ್ಲಿ ಒಮ್ಮೆ ಬರೆದು ಮುಗಿಸುವ ಅಂಕಿಯಲ್ಲ, ಆ ದಿನದ ಹವೆಯೊಂದಿಗೆ ಮಾಡಿಕೊಳ್ಳುವ ಒಪ್ಪಂದ.

ನನ್ನ ವಾದ ನಿಂತಿರುವುದು ಇದರ ಮೇಲೆ. ಕಂಪ್ಯೂಟರ್ ಹೇಳಿದಲ್ಲಿ ಬಿದ್ದು, ಹೇಳಿದಾಗ ನಿಲ್ಲುವ ನೀರು ನದಿಯ ನೀರಿನಂತೆ ವರ್ತಿಸುವುದಿಲ್ಲ; ಅದು ಅರಮನೆಯ ಕಾರಂಜಿಯ ವಂಶದ್ದು, ಆಜ್ಞೆ ಪಾಲಿಸುವ ನೀರು. ನದಿಯ ಮುಖ್ಯ ಗುಣವೆಂದರೆ ಮಟ್ಟ ಏರಿಳಿಯುವುದು, ಮತ್ತು ಆ ಏರಿಳಿತವನ್ನು ದಡದವರು ಒಪ್ಪಿಕೊಂಡು ಬದುಕುವುದು. ಡಿಜಿಟಲ್ ವಾಟರ್ ಪೆವಿಲಿಯನ್ನಿನಲ್ಲಿ ಆ ಗುಣ ಕಾಣಿಸುವುದು ಎಲ್ಲರೂ ಫೋಟೊ ತೆಗೆದುಕೊಳ್ಳುವ ಅಕ್ಷರಗಳಲ್ಲಲ್ಲ, ಗಾಳಿಗೆ ಬಗ್ಗುವ ಚಾವಣಿಯಲ್ಲಿ. ಪ್ರಚಾರದ ಮಾತುಗಳಲ್ಲಿ ವಾಲ್ವ್‌ಗಳ ಜಾಣತನಕ್ಕೆ ಸಿಕ್ಕ ಜಾಗ ಪಿಸ್ಟನ್‌ಗಳ ವಿನಯಕ್ಕೂ ಸಿಗಬೇಕಿತ್ತು.

ನೆರೆಹೊರೆಯ ಕಟ್ಟಡಗಳು

ಅದೇ ಎಕ್ಸ್‌ಪೊದಲ್ಲಿ ನದಿಯನ್ನು ಬೇರೆ ರೀತಿಯಲ್ಲಿ ಹಿಡಿಯಲು ಹೊರಟ ಕಟ್ಟಡಗಳು ಸುತ್ತಲೂ ಇದ್ದುದರಿಂದ ಹೋಲಿಕೆ ಸುಲಭವಾಗಿದೆ. ಮಂಟಪದ ಎದುರಿಗೇ ವಾಸ್ತುಶಿಲ್ಪಿ ಝಾಹಾ ಹದೀದ್ ಅವರ ಸೇತುವೆ ಮಂಟಪವಿತ್ತು: ಎಬ್ರೊದ ಮೇಲೆ ಸುಮಾರು 270 ಮೀಟರ್ ಉದ್ದಕ್ಕೆ ಚಾಚಿ, ಪ್ರದರ್ಶನ ಸಭಾಂಗಣವೂ ಕಾಲುಸೇತುವೆಯೂ ಒಂದೇ ಆಗಿರುವ ರಚನೆ. ಅದರ ಮೈ ನಿಜಕ್ಕೂ ಬಳುಕುತ್ತದೆ. ಆದರೆ ನದಿಯೊಂದಿಗೆ ಅದು ನಡೆಸಿದ ಕಷ್ಟದ ವ್ಯವಹಾರ ಕಣ್ಣಿಗೆ ಕಾಣದ ಕಡೆ ಇದೆ. ನದಿಯ ಮೆದು ತಳದಲ್ಲಿ ಅದರ ಅಡಿಪಾಯದ ಕಂಬಗಳನ್ನು ಅರುವತ್ತು ಮೀಟರಿಗೂ ಹೆಚ್ಚು ಆಳಕ್ಕೆ ಇಳಿಸಬೇಕಾಯಿತು.

ಸ್ಪೇನಿನ ರಾಷ್ಟ್ರೀಯ ಮಂಟಪವನ್ನು ರೂಪಿಸಿದ ಫ್ರಾನ್ಸಿಸ್ಕೊ ಮಂಗಾದೊ ನೀರನ್ನು ಬಿಟ್ಟು ದಡವನ್ನು ಆರಿಸಿಕೊಂಡರು. ಸುಟ್ಟ ಮಣ್ಣಿನ ಹೊದಿಕೆಯ ತೆಳ್ಳನೆಯ ನೂರಾರು ಕಂಬಗಳು ಆಳವಿಲ್ಲದ ನೀರಿನಲ್ಲಿ ಒತ್ತಾಗಿ ನಿಂತು, ಹೊಳೆಯಂಚಿನ ಮರಗಳ ತೋಪಿನೊಳಗೆ ಹೊಕ್ಕಂಥ ನೆರಳು-ಬೆಳಕನ್ನು ಕೊಡುತ್ತವೆ. ಯಾವ ಸೆನ್ಸರೂ ಇಲ್ಲದೆ ಅದು ತಂಪಾಗಿರುತ್ತದೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ದೀರ್ಘಕಾಲ ಉಳಿಯುವ ಕಟ್ಟಡವಾಗಿ ನನ್ನ ಮತ ಮಂಗಾದೊ ಅವರದಕ್ಕೇ. ಆದರೆ ವಿದ್ಯಾರ್ಥಿಗಳು ಎಲ್ಲಿಂದ ಕಲಿಯಬೇಕು ಎಂದರೆ ನೀರಿನ ಗೋಡೆಯಿಂದ, ಏಕೆಂದರೆ ಅದರಲ್ಲಿ ಒಂದು ಆಲೋಚನೆಯ ಎಲ್ಲ ಹೊರೆಗಳೂ ಬಿಚ್ಚಿಟ್ಟಂತೆ ಕಾಣುತ್ತವೆ.

ನೀರಿನಿಂದಲೇ ಕಟ್ಟಡ ಕಟ್ಟುವ ಹಂಬಲಕ್ಕೆ ಅಲ್ಲಿಗೆ ಆರು ವರ್ಷಗಳ ಹಿಂದಿನ ಪ್ರಸಿದ್ಧ ಉದಾಹರಣೆಯೊಂದಿತ್ತು. 2002ರ ಸ್ವಿಸ್ ಎಕ್ಸ್‌ಪೊಗಾಗಿ ವಾಸ್ತುಶಿಲ್ಪಿಗಳಾದ ಡಿಲರ್ ಮತ್ತು ಸ್ಕೊಫಿಡಿಯೊ ಅವರು ನೊಯಶಾಟೆಲ್ ಸರೋವರದ ಮೇಲೆ ನಿರ್ಮಿಸಿದ ಬ್ಲರ್ ಕಟ್ಟಡವು, ಮೂವತ್ತು ಸಾವಿರಕ್ಕೂ ಹೆಚ್ಚು ನಾಜಲ್‌ಗಳಿಂದ ಸರೋವರದ ನೀರನ್ನೇ ಮಂಜಾಗಿ ಚಿಮ್ಮಿಸಿ ಮೋಡವೊಂದನ್ನು ಸೃಷ್ಟಿಸಿತ್ತು. ಅಲ್ಲಿ ಗಾಳಿ ಮೋಡದ ಆಕಾರವನ್ನು ಕೆಡಿಸಿದರೆ ಅದು ಸೊಗಸೇ ಆಯಿತು. ಇಲ್ಲಿ ಓದಬೇಕಾದ ಅಕ್ಷರವಿರುವುದರಿಂದ ಗಾಳಿ ಕೆಡಿಸಿದ್ದು ಕೆಟ್ಟದ್ದೇ ಆಗುತ್ತದೆ. ಸ್ಪಷ್ಟತೆಯನ್ನು ಗುರಿಯಾಗಿಟ್ಟುಕೊಂಡ ಕ್ಷಣದಿಂದ ಸಾರಗೋಸಾದ ತಂಡ ಕಠಿಣವಾದ ದಾರಿಯನ್ನು ಹಿಡಿದಿತ್ತು.

ವಾಲ್ವ್ ಕೆಟ್ಟಾಗ

2008ರ ಜೂನ್ 14ರಿಂದ ಸೆಪ್ಟೆಂಬರ್ 14ರವರೆಗೆ, ಮೂರು ತಿಂಗಳ ಕಾಲ ನಡೆದ ಎಕ್ಸ್‌ಪೊಗೆ ಐವತ್ತು ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು. ಅಷ್ಟು ಜನರ ಎದುರು ಮೂರು ಸಾವಿರ ಚಲಿಸುವ ಬಿಡಿಭಾಗಗಳನ್ನು ಸುಸ್ಥಿತಿಯಲ್ಲಿ ಇಡುವುದು ವಿನ್ಯಾಸದ ಹಾಳೆಯಲ್ಲಿ ಕಾಣದ ಕೆಲಸ. ಎಲ್‌ಇಡಿ ಪರದೆಯಲ್ಲಿ ಒಂದು ಚುಕ್ಕೆ ಸತ್ತರೆ ಯಾರ ಗಮನಕ್ಕೂ ಬಾರದೆ ಹೋಗಬಹುದು. ಬೀಳುವ ನೀರಿನಲ್ಲಿ ಒಂದು ವಾಲ್ವ್ ಮುಚ್ಚಿಕೊಂಡು ಕುಳಿತರೆ ಮೇಲಿನಿಂದ ಕೆಳತನಕ ಒಂದು ಖಾಲಿ ಗೆರೆ ಬೀಳುತ್ತದೆ. ತೆರೆದುಕೊಂಡು ಕುಳಿತರೆ ಪ್ರತಿ ಅಕ್ಷರದ ಮೇಲೂ ಒಂದು ಗೀಟು ಹಾಯುತ್ತದೆ, ಬಾಗಿಲು ತೆರೆದಲ್ಲಿಯೂ ಒಬ್ಬರ ಹೆಗಲ ಮೇಲೆ ನೀರು ಸುರಿಯುತ್ತಲೇ ಇರುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರಿಗೆ ಸಾರಗೋಸಾ ಹೆಸರಾದ ಊರು. ಇಂಥ ನೀರು ಸಣ್ಣ ರಂಧ್ರಗಳಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಶವರಿನ ತೂತುಗಳನ್ನು ಸೂಜಿಯಿಂದ ಚುಚ್ಚಿ ಬಿಡಿಸಿದವರಿಗೆಲ್ಲ ಇದರ ಪರಿಚಯವಿದೆ. ಆದ್ದರಿಂದ ಇಂಥ ವಿನ್ಯಾಸದಲ್ಲಿ ನೀರನ್ನು ಶೋಧಿಸುವ, ಮೆದುಗೊಳಿಸುವ, ಸುತ್ತಿಸುವ ವ್ಯವಸ್ಥೆಗೆ ನೆಲದಡಿಯಲ್ಲಿ ಎಷ್ಟು ಜಾಗ ಬೇಕು, ಕೆಟ್ಟ ವಾಲ್ವನ್ನು ಪ್ರದರ್ಶನ ನಿಲ್ಲಿಸದೆ ಬದಲಿಸುವ ದಾರಿ ಯಾವುದು ಎಂಬ ಪ್ರಶ್ನೆಗಳು ಗೋಡೆಯಷ್ಟೇ ಮುಖ್ಯವಾದವು. ಸುಸ್ಥಿರತೆಯನ್ನು ವಿಷಯವಾಗಿಟ್ಟುಕೊಂಡ ಪ್ರದರ್ಶನದಲ್ಲಿ ಒಂದೇ ನೀರನ್ನು ಮತ್ತೆ ಮತ್ತೆ ಮೇಲೆತ್ತಲು ಪಂಪುಗಳು ಉಣ್ಣುವ ವಿದ್ಯುತ್ತಿನ ಲೆಕ್ಕವನ್ನೂ ಕೇಳಬೇಕಾಗುತ್ತದೆ.

ಮಂಟಪವೆಂಬ ಕಟ್ಟಡ ಪ್ರಕಾರದಲ್ಲಿ ಈ ಪ್ರಶ್ನೆಗಳನ್ನು ಮುಂದಕ್ಕೆ ತಳ್ಳುವುದು ಸುಲಭ, ಏಕೆಂದರೆ ಉತ್ಸವ ಮುಗಿಯುವ ದಿನಾಂಕ ಮೊದಲೇ ಗೊತ್ತಿರುತ್ತದೆ. ನಮ್ಮ ಕಾಲೇಜುಗಳಲ್ಲಿ ಕೊಡುವ ಪ್ರದರ್ಶನ ಮಂಟಪದ ಅಭ್ಯಾಸಗಳಲ್ಲಿಯೂ ನಿವೇಶನದ ಅಳತೆ, ವಿಸ್ತೀರ್ಣದ ಮಿತಿ, ವಿಷಯ, ಸಲ್ಲಿಸಬೇಕಾದ ಹಾಳೆಗಳ ಸಂಖ್ಯೆ ಎಲ್ಲವೂ ಇರುತ್ತವೆ. ಉತ್ಸವದ ಮರುದಿನ ಕಟ್ಟಡ ಯಾರ ವಶದಲ್ಲಿರುತ್ತದೆ, ಪಂಪಿನ ಕೀಲಿ ಯಾರ ಕೈಯಲ್ಲಿರುತ್ತದೆ ಎಂಬ ಸಾಲು ಇರುವುದಿಲ್ಲ. ಸಾರಗೋಸಾದ ಪ್ರಕರಣವನ್ನು ಸ್ಟುಡಿಯೊಗೆ ತರುವವರು ನದಿಯ ಹೆಸರಿನ ಮುಂದಿನ ಅಭ್ಯಾಸಕ್ಕೆ ಆ ಸಾಲನ್ನು ಸೇರಿಸಿ, ವಾಲ್ವ್ ಬದಲಿಸುವ ಏಣಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಟ್ಟಡವನ್ನು ಲಂಬವಾಗಿ ಸೀಳಿದಂತೆ ಬಿಡಿಸುವ ಸೆಕ್ಷನ್ ಚಿತ್ರದಲ್ಲಿ ಬರೆದು ತೋರಿಸುವಂತೆ ವಿದ್ಯಾರ್ಥಿಗಳನ್ನು ಕೇಳಬಹುದು.